ಕಿರಿಕಿರಿ: ಸೊನ್ನೆಯಿಂದ ಹತ್ತು

ಮಾರ್ಚ್ 4, ಸೋಮವಾರ

ಅತ್ತೆಯವರನ್ನು ಇವತ್ತು ಆಸ್ಪತ್ರೆಯಿಂದ ಮನೆಗೆ ಕರೆತಂದೆ. ಈ ನೋಟ್‌ಬುಕ್ ಕೊಂಡದ್ದು ಅವರ ಮಾತ್ರೆಯ ಹೊತ್ತು ಬರೆದಿಡಲು. ಮುಂದಿನಿಂದ ಮಾತ್ರೆ, ಹಿಂದಿನಿಂದ ನಾನು. ಮನೆಯಲ್ಲಿ ಮಾತಾಡಲು ಬೇರೆ ಯಾರಿದ್ದಾರೆ? ನಮ್ಮವರು ಹೋಗಿ ಆರು ವರ್ಷವಾಯಿತು. ಅಂದಿನಿಂದ ಅತ್ತೆಯವರೂ ನಾನೂ ಒಂದೇ ಸೂರಿನಡಿ ಇಬ್ಬರು ಬಾಡಿಗೆದಾರರ ಹಾಗೆ ಇದ್ದೇವೆ. ಜಗಳವಿಲ್ಲ, ಮಾತೂ ಇಲ್ಲ. ಉಪ್ಪು ಕಡಿಮೆ ಎಂದು ಅವರು, ಸರಿ ಎಂದು ನಾನು.

ಒಂದು ಉಪಕಾರವನ್ನು ಮೊದಲು ಬರೆದಿಡಬೇಕು. ಹತ್ತು ದಿನದ ಹಿಂದೆ ಬೆಳಗ್ಗೆ ಅತ್ತೆಯವರು ಎದೆ ಹಿಡಿದುಕೊಂಡು ಬಾಗಿಲಲ್ಲೇ ಕುಸಿದರು. ಆಂಬುಲೆನ್ಸ್‌ಗೆ ಫೋನ್ ಮಾಡಿದರೆ ಅರ್ಧ ಗಂಟೆ ಎಂದರು. ಬೀದಿಯ ಕೊನೆಯಲ್ಲಿರುವ ಗೋದಾಮಿನಿಂದ ಹೊರಟಿದ್ದ ಲಾರಿಯೊಂದರ ಡ್ರೈವರ್ ಗಾಡಿ ನಿಲ್ಲಿಸಿ, ಒಂದು ಮಾತೂ ಕೇಳದೆ ಅವರನ್ನು ಎತ್ತಿ ಕ್ಯಾಬಿನ್‌ನಲ್ಲಿ ಕೂರಿಸಿ, ಏಳು ನಿಮಿಷದಲ್ಲಿ ಆಸ್ಪತ್ರೆ ಮುಟ್ಟಿಸಿದರು. ಹನ್ನೊಂದು ವರ್ಷದಿಂದ ಆ ಲಾರಿಗಳಿಗೆ ಹಿಡಿಶಾಪ ಹಾಕಿದವಳು ನಾನು. ಅವರ ಹೊಟ್ಟೆ ತಣ್ಣಗಿರಲಿ.

ಡಾಕ್ಟರು ಹೊರಡುವಾಗ ಹೇಳಿದ್ದು ಇಷ್ಟೇ: "ಮಾತ್ರೆ ನಾನು ಕೊಡ್ತೀನಿ, ನಿದ್ದೆ ನೀವು ಕೊಡಿಸಬೇಕು. ರಾತ್ರಿ ಪದೇ ಪದೇ ಎಚ್ಚರ ಆಗ್ತಿದ್ರೆ ಈ ಹೃದಯ ತಡೆಯಲ್ಲ."

ಸಂಜೆ ನಾದಿನಿ ಫೋನ್ ಮಾಡಿದಳು. ರೈಲಿನಲ್ಲಿ ಐದು ಗಂಟೆ ದೂರದ ಊರಿನಲ್ಲಿ ಅವಳ ಮನೆ. "ಆ ಲಾರಿ ಬೀದೀಲಿ ಅಮ್ಮನ್ನ ಇಡೋಕಾಗಲ್ಲ ಅತ್ತಿಗೆ. ಏಪ್ರಿಲ್ ಹದಿನಾಲ್ಕಕ್ಕೆ ನನಗೆ ರಜೆ ಸಿಗುತ್ತೆ, ಬಂದು ಕರ್ಕೊಂಡು ಹೋಗ್ತೀನಿ. ರಾತ್ರಿ ಲಾರಿ ನಿಂತುಹೋದ್ರೆ ಬೇರೆ ಮಾತು." ಲಾರಿ ನಿಲ್ಲುವುದುಂಟೇ? ಸರಿ ಎಂದೆ. ನಲವತ್ತೊಂದು ದಿನ. ಸುಳ್ಳು ಹೇಳುವುದೇಕೆ, ಸ್ವಲ್ಪ ಹಗುರವೆನಿಸಿತು.

ಮಾರ್ಚ್ 6, ಬುಧವಾರ

ಕಚೇರಿಯಲ್ಲಿ ದೊಡ್ಡ ಮೇಡಂ ಕರೆದು ದಪ್ಪ ಫೈಲೊಂದನ್ನು ಕೈಗಿಟ್ಟರು. ನಮ್ಮದು ನಗರದ ಆರೋಗ್ಯ ಕಚೇರಿ, ಅವರು ಅದರ ಮುಖ್ಯಸ್ಥರು, ನಾನು ಅನುವಾದಕಿ. ನಮ್ಮ ಬೀದಿಯ ಗೋದಾಮಿನವರು ರಾತ್ರಿಯಿಡೀ ಎಷ್ಟು ಲಾರಿ ಬೇಕಾದರೂ ಓಡಿಸಲು ಅನುಮತಿ ಕೇಳಿದ್ದಾರಂತೆ. ಅದನ್ನು ಕೊಡಬೇಕೇ, ಇಲ್ಲ ರಾತ್ರಿ ಲಾರಿಯನ್ನೇ ನಿಲ್ಲಿಸಬೇಕೇ ಎಂದು ತೀರ್ಮಾನಿಸಲು ಒಂದು ಸಮಿತಿ. ಬೇರೆ ದೇಶಗಳು ಮನೆ ಇರುವ ಬೀದಿಗೆ ಎಷ್ಟು ಸದ್ದಿನ ಮಿತಿ ಇಟ್ಟಿವೆ, ಆ ಅಂಕಿಗೆ ಆರೋಗ್ಯದ ಯಾವ ಆಧಾರವಿದೆ ಎಂದು ಸಮಿತಿಗೆ ಒಂದು ಪಟ್ಟಿ ಬೇಕು. ಜೊತೆಗೆ ಬೀದಿಯ ಜನರಿಗೆ ಕೇಳುವ ಪ್ರಶ್ನೆಯ ಅನುವಾದವೂ ನನ್ನದೇ.

"ಮೇಡಂ, ಅದು ನಾನಿರೋ ಬೀದಿ" ಎಂದೆ.

"ಒಳ್ಳೇದೇ ಆಯ್ತು. ತಪ್ಪು ಮಾಡಿದ್ರೆ ಮೊದಲು ನಿಮ್ಮ ಕಿವಿಗೇ ಬೀಳುತ್ತೆ" ಎಂದರು.

ಪಟ್ಟಿ ಶುರು ಮಾಡಿದರೆ ಮೊದಲ ಹೆಜ್ಜೆಯಲ್ಲೇ ಎಡವಿದೆ. ರಾತ್ರಿ ಎಂದರೆ ಎಷ್ಟು ಹೊತ್ತಿಗೆ? ಜಪಾನಿನಲ್ಲಿ ಹತ್ತಕ್ಕೆ ಶುರುವಾಗಿ ಬೆಳಗ್ಗೆ ಆರಕ್ಕೆ ಮುಗಿಯುತ್ತದೆ. ಯುರೋಪಿನ ಒಕ್ಕೂಟ ಸದ್ದಿನ ನಕ್ಷೆ ಮಾಡುವಾಗ ಸಾಮಾನ್ಯವಾಗಿ ಹನ್ನೊಂದರಿಂದ ಏಳು. ಅವರಿಗೆ ನಡುವೆ ಸಂಜೆಯೆಂಬ ಇನ್ನೊಂದು ಹೊತ್ತೂ ಉಂಟು, ಸಂಜೆಯ ಸದ್ದಿಗೆ ಐದು ಡೆಸಿಬಲ್ ದಂಡವೆಂದು ಕೂಡಿಸುತ್ತಾರೆ, ರಾತ್ರಿಯ ಸದ್ದಿಗೆ ಹತ್ತು. ಡೆಸಿಬಲ್ ಲೆಕ್ಕದಲ್ಲಿ ಹತ್ತು ಏರಿದರೆ ಸದ್ದಿನ ಬಲ ಹತ್ತು ಪಟ್ಟು, ಹಾಗಾಗಿ ರಾತ್ರಿ ಹೋಗುವ ಒಂದು ಲಾರಿ ಹಗಲಿನ ಹತ್ತು ಲಾರಿಗೆ ಸಮ. ಈ ನಿಯಮ ಬರೆದ ಪುಣ್ಯಾತ್ಮ ಯಾರೋ, ರಸ್ತೆ ಬದಿಯಲ್ಲಿ ಮಲಗಿ ಎದ್ದವನೇ ಇರಬೇಕು.

ಮಾರ್ಚ್ 9, ಶನಿವಾರ

ಅನುವಾದಿಸಬೇಕಾದ ಪ್ರಶ್ನೆ ಒಂದೇ ಸಾಲು. ಎಲ್ಲ ದೇಶಗಳಲ್ಲೂ ಹೆಚ್ಚುಕಡಿಮೆ ಇದನ್ನೇ ಕೇಳುತ್ತಾರೆ: ಮನೆಯಲ್ಲಿದ್ದಾಗ ಸದ್ದಿನಿಂದ ಎಷ್ಟು ಬೇಸರ, ಸೊನ್ನೆಯಿಂದ ಹತ್ತರೊಳಗೆ ಒಂದು ಅಂಕಿ ಹೇಳಿ. ಈ ಬೇಸರಕ್ಕೆ ಪದ ಯಾವುದು? ತೊಂದರೆ ಎಂದರೆ ದೊಡ್ಡದಾಯಿತು. ಉಪದ್ರವ ಎಂದರೆ ಸರ್ಕಾರದ ನೋಟೀಸಿನಂತೆ ಕೇಳುತ್ತದೆ. ಕಾಟ ಎಂದರೆ ಯಾರೋ ಬೇಕೆಂದೇ ಕೊಟ್ಟಂತೆ. ಮಧ್ಯಾಹ್ನವಿಡೀ ತಲೆ ಕೆರೆದುಕೊಂಡು ಕೊನೆಗೆ ಕಿರಿಕಿರಿ ಎಂಬುದನ್ನು ಆರಿಸಿದೆ. ಎಂಥ ಪದ, ಹೇಳುವಾಗಲೇ ಹಲ್ಲಿಗೆ ಮರಳು ಸಿಕ್ಕಿದ ಹಾಗಾಗುತ್ತದೆ. ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಬರೆದದ್ದು ಹೀಗೆ: "ಕಳೆದ ಹನ್ನೆರಡು ತಿಂಗಳಲ್ಲಿ ನೀವು ಮನೆಯಲ್ಲಿದ್ದಾಗ ನಿಮಗೆ ಎಷ್ಟು ಕಿರಿಕಿರಿಯಾಗಿದೆ, ರಸ್ತೆಯ ವಾಹನಗಳ ಸದ್ದಿನಿಂದ?" ಮೂಲದಲ್ಲಿ ಪದಗಳು ಇದ್ದ ಕ್ರಮವನ್ನೇ ಇಟ್ಟಿದ್ದೇನೆ. ನಿಷ್ಠೆಯೆಂದರೆ ನಿಷ್ಠೆ.

ಇದನ್ನು ಮನೆ ಮನೆಗೆ ಹೋಗಿ ಕೇಳುವವರು ಮೀಟರಪ್ಪ. ಸದ್ದು ಅಳೆಯುವ ತಂತ್ರಜ್ಞರು, ಹೆಸರು ಹಿಡಿದು ಕರೆದರೆ ಅವರೇ ತಿರುಗಿ ನೋಡುವುದಿಲ್ಲ. ಅಳತೆಯಲ್ಲಿ ಹುಲಿ, ಮನುಷ್ಯರ ಮುಂದೆ ಇಲಿ.

ಮಾರ್ಚ್ 13, ಬುಧವಾರ

ಅತ್ತೆಯವರು ಊಟದ ತಟ್ಟೆ ಸರಿಸಿ, "ಆಸ್ಪತ್ರೇಲೇ ವಾಸಿ ಇತ್ತು" ಎಂದರು. ಉಪ್ಪು ಹಾಕಬಾರದು ಎಂದಿರುವುದು ಡಾಕ್ಟರು, ಬೈಸಿಕೊಳ್ಳುವುದು ನಾನು. ಅವರಿಗೆ ರಾತ್ರಿ ನಾಲ್ಕು ಸಲ ಎಚ್ಚರವಾಯಿತಂತೆ. ನನಗೇನೂ ಕೇಳಿಸಲಿಲ್ಲ, ಒಳ್ಳೆಯ ನಿದ್ದೆ.

ಇನ್ನು ಮೂವತ್ತೆರಡು ದಿನ.

ಮಾರ್ಚ್ 17, ಭಾನುವಾರ

ಇವತ್ತಿನದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ.

ವಾರವಿಡೀ ಅಂಕಿಗಳ ಹಿಂದಿನ ಆಧಾರ ಓದುತ್ತಿದ್ದೆ. ವಿಶ್ವ ಆರೋಗ್ಯ ಸಂಸ್ಥೆ ಯುರೋಪಿಗೆ ಕೊಟ್ಟ ಸಲಹೆಯಲ್ಲಿ ರಸ್ತೆಯ ರಾತ್ರಿ ಸದ್ದು ನಲವತ್ತೈದು ಡೆಸಿಬಲ್ ದಾಟಬಾರದು ಎಂದಿದೆ. ನಲವತ್ತೈದೇ ಏಕೆ? ಆ ಮಟ್ಟದಲ್ಲಿ ನೂರಕ್ಕೆ ಸುಮಾರು ಮೂರು ಮಂದಿಗೆ ನಿದ್ದೆ ತೀರಾ ಕೆಡುತ್ತದೆ, ಅಷ್ಟಕ್ಕಿಂತ ಹೆಚ್ಚು ಜನರಿಗೆ ಕೆಡಬಾರದು ಎಂದು. ಸ್ವಿಟ್ಜರ್ಲೆಂಡ್ ವಾಸದ ಬಡಾವಣೆಗಳಿಗೆ ರಾತ್ರಿ ಐವತ್ತು ಎನ್ನುತ್ತದೆ. ಜರ್ಮನಿ ಹೊಸ ರಸ್ತೆಗಳಿಗೆ ನಲವತ್ತೊಂಬತ್ತು. ಜಪಾನ್ ಹೆದ್ದಾರಿಯ ಅಂಚಿಗೆ ಅರವತ್ತೈದರವರೆಗೂ ಬಿಡುತ್ತದೆ, ಆದರೆ ಕಿಟಕಿ ಮುಚ್ಚಿದ ಕೋಣೆಯೊಳಗೆ ನಲವತ್ತು ದಾಟಬಾರದೆಂದು ಇನ್ನೊಂದು ದಾರಿಯನ್ನೂ ಇಟ್ಟಿದೆ. ಒಂದೇ ನಿದ್ದೆಯನ್ನು ಒಬ್ಬರು ಬೀದಿಯಲ್ಲಿ ಅಳೆದರೆ ಇನ್ನೊಬ್ಬರು ಹಾಸಿಗೆಯ ಪಕ್ಕ ಅಳೆಯುತ್ತಾರೆ. ಇವನ್ನು ಒಂದೇ ಸಾಲಿನಲ್ಲಿ ಬರೆದು ಯಾರು ಕಟ್ಟುನಿಟ್ಟು ಎಂದು ಕೇಳುವುದು ಮೂರ್ಖತನ.

ಇನ್ನೂ ಒಂದು ಸಂಗತಿ. ಅಭ್ಯಾಸವಾಗಿದೆ ಎಂದು ಬಾಯಿ ಹೇಳುತ್ತದೆ, ಮೈ ಹಾಗೆನ್ನುವುದಿಲ್ಲ. ನಿದ್ದೆಯಲ್ಲಿದ್ದವರಿಗೂ ಪ್ರತಿ ಲಾರಿಗೆ ನಾಡಿ ಏರುತ್ತದೆ.

ಸ್ವೀಡನ್ನಿನ ನಿಯಮವೊಂದಿದೆ. ಹೊಸ ಮನೆಯ ರಸ್ತೆ ಬದಿಯಲ್ಲಿ ಸದ್ದು ಮಿತಿ ಮೀರಿದರೆ ಅರ್ಧದಷ್ಟಾದರೂ ಕೋಣೆಗಳು ಶಾಂತ ಬದಿಗೆ ಮುಖ ಮಾಡಿರಬೇಕು. ಅದನ್ನು ಅನುವಾದಿಸುತ್ತಿದ್ದವಳ ಪೆನ್ನು ನಿಂತುಹೋಯಿತು. ನಮ್ಮ ಮನೆಗೂ ಶಾಂತ ಬದಿಯಿದೆ. ಅದು ಹಿಂದಿನ ಕೋಣೆ. ಅಲ್ಲಿ ಮಲಗುವವಳು ನಾನು.

ಮೀಟರಪ್ಪ ಎರಡು ದಿನ ಯಂತ್ರ ಇಟ್ಟು ಹೋಗಿದ್ದರು. ಮುಂದಿನ ಕಿಟಕಿಯ ಹೊರಗೆ ರಾತ್ರಿಯ ಸರಾಸರಿ ಅರವತ್ತಮೂರು, ಹಿಂದಿನದರ ಹೊರಗೆ ನಲವತ್ತೊಂದು. ಪ್ರಪಂಚದ ಕೋಣೆಗಳನ್ನೆಲ್ಲ ಅಳೆಯುತ್ತ ಕೂತವಳಿಗೆ ಹದಿಮೂರು ದಿನ ಇದು ಹೊಳೆಯಲಿಲ್ಲ.

ಬೆಳಗ್ಗೆಯೇ ಹಾಸಿಗೆ ಬದಲಾಯಿಸಿದೆ. ಅತ್ತೆಯವರು ಒಪ್ಪಲಿಲ್ಲ.

"ನೀನು ಬೆಳಗ್ಗೆ ಎದ್ದು ಕೆಲಸಕ್ಕೆ ಹೋಗೋಳು. ನಿನಗೆ ನಿದ್ದೆ ಬೇಕು ಕಣೇ."

"ನಿಮಗೆ ಬೀದಿ ನೋಡ್ತಾ ಕೂರೋದು ಇಷ್ಟ ಅಂತ ಮುಂದಿನ ಕೋಣೇಲಿದ್ದೀರಿ ಅಂದುಕೊಂಡಿದ್ದೆ."

"ಬೀದೀಲಿ ಏನಿದೆ ನೋಡೋಕೆ, ಲಾರಿ ಚಕ್ರ? ಗೋದಾಮು ಬಂದ ವರ್ಷ ನೀನು ಪರೀಕ್ಷೆ ಕಟ್ಟಿದ್ದೆ ನೋಡು, ಈ ಕೆಲಸಕ್ಕೆ ಅಂತ. ಆವಾಗ ನಾನೇ ನಿಮ್ಮಿಬ್ಬರನ್ನ ಹಿಂದಕ್ಕೆ ಕಳಿಸಿ ಮುಂದಕ್ಕೆ ಬಂದೆ. ನೆನಪಿಲ್ವಾ?"

ನೆನಪಿತ್ತು. ಕಾರಣ ಮಾತ್ರ ನಾನೇ ಹೆಣೆದುಕೊಂಡಿದ್ದೆ. ಬರುವವರನ್ನೂ ಹೋಗುವವರನ್ನೂ ಕಾಯಲು ಕೂತಿದ್ದಾರೆ ಎಂದು ತವರಿನಲ್ಲೂ ಹೇಳಿ ನಗಾಡಿದ್ದೇನೆ. ಹನ್ನೊಂದು ವರ್ಷ ನಾನು ಮಾಡಿದ ನಿದ್ದೆ ಅವರದು.

ಮಾರ್ಚ್ 19, ಮಂಗಳವಾರ

ಮುಂದಿನ ಕೋಣೆಯಲ್ಲಿ ಎರಡನೆಯ ದಿನ. ತಲೆ ಭಾರ. ಕಚೇರಿಯಲ್ಲಿ ಡೆಸಿಬಲ್ ಎಂದು ಬರೆಯಲು ಹೋಗಿ ಡೀಸೆಲ್ ಎಂದು ಬರೆದೆ. ಅತ್ತೆ ಎಂಟು ಗಂಟೆಯವರೆಗೆ ಮಲಗಿದ್ದರಂತೆ. ಸಂಜೆ ನನ್ನನ್ನೇ ಬೈದರು, ಎಬ್ಬಿಸಲಿಲ್ಲವೆಂದು. ಅವರ ಮುಖಕ್ಕೆ ಕಳೆ ಬಂದಿತ್ತು. ಆ ಬೈಗುಳದ ಖುಷಿಗೆ ಎರಡು ಲೋಟ ಚಹಾ ಹೆಚ್ಚು ಕುಡಿದೆ.

ಮಾರ್ಚ್ 26, ಮಂಗಳವಾರ

ಸಮೀಕ್ಷೆಯ ಫಲಿತಾಂಶ ಬಂತು. ಎಂಬತ್ತನಾಲ್ಕು ಮನೆ, ಸರಾಸರಿ ಒಂದೂಕಾಲು. ಅರ್ಧಕ್ಕಿಂತ ಹೆಚ್ಚು ಜನ ಸೊನ್ನೆ ಎಂದಿದ್ದಾರೆ. ಹತ್ತು ಎಂದವರು ಒಬ್ಬರೇ ಒಬ್ಬರು.

ದೊಡ್ಡ ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಗೋದಾಮಿನ ವಕೀಲರಿಗೆ ಇದರ ಪ್ರತಿ ಆಗಲೇ ಹೋಗಿದೆ. ಅವರ ಪತ್ರವೂ ಬಂದಾಗಿದೆ. ಬೇರೆ ದೇಶಗಳು ತಮ್ಮ ಜನರ ಬೇಸರವನ್ನು ಅಳೆದು ಮಿತಿ ಹಾಕಿವೆ, ಇಲ್ಲಿಯ ಜನರಿಗೆ ಬೇಸರವೇ ಇಲ್ಲ, ಆದ್ದರಿಂದ ಆ ಮಿತಿಗಳು ಇಲ್ಲಿಗೆ ಅನ್ವಯಿಸುವುದಿಲ್ಲ ಎಂದು ಬರೆದಿದ್ದಾರೆ. ತರ್ಕದಲ್ಲಿ ಒಂದು ಸಂದೂ ಇಲ್ಲ. ನನ್ನ ಪಟ್ಟಿಯಿಂದಲೇ ನನ್ನ ತಲೆಗೆ ಹೊಡೆದ ಹಾಗಾಯಿತು.

"ನಿಮ್ಮ ಬೀದಿಯವರು ಸಂತರು ಬಿಡಿ" ಎಂದರು ಮೇಡಂ. ವಿಚಾರಣೆ ಏಪ್ರಿಲ್ ಹನ್ನೆರಡಕ್ಕೆ. ಹದಿನಾಲ್ಕಕ್ಕೆ ನಾದಿನಿ ಬರುತ್ತಾಳೆ. ಲಾರಿ ನಿಲ್ಲುವುದಿಲ್ಲ, ಅತ್ತೆ ಹೊರಡುತ್ತಾರೆ. ಮೊದಲಿನಿಂದಲೂ ಆಗಬೇಕೆಂದಿದ್ದದ್ದೇ ಅದಲ್ಲವೇ? ಊಟ ಸೇರಲಿಲ್ಲ. ದಣಿವಿರಬೇಕು.

ಮಾರ್ಚ್ 28, ಗುರುವಾರ

ಉತ್ತರದ ಹಾಳೆಗಳನ್ನು ಒಂದೊಂದಾಗಿ ತಿರುವುತ್ತಿದ್ದಾಗ ನಮ್ಮ ಮನೆಯ ಹಾಳೆ ಸಿಕ್ಕಿತು. ನಾನು ಕಚೇರಿಯಲ್ಲಿದ್ದಾಗ ಮೀಟರಪ್ಪ ಅತ್ತೆಯನ್ನು ಕೇಳಿದ್ದಾರೆ. ಉತ್ತರ: ಸೊನ್ನೆ. ಹನ್ನೊಂದು ವರ್ಷ ಅರವತ್ತಮೂರು ಡೆಸಿಬಲ್‌ನಲ್ಲಿ ಮಲಗಿ ಎದೆ ಕೆಡಿಸಿಕೊಂಡವರ ಉತ್ತರ ಸೊನ್ನೆ. ಮನೆಗೆ ಬಂದವಳೇ ಚಪ್ಪಲಿಯನ್ನೂ ಬಿಡದೆ ಕೇಳಿದೆ.

"ಸೊನ್ನೆ ಅಂತ ಯಾಕೆ ಹೇಳಿದ್ರಿ?"

"ಮತ್ತೇನು ಹೇಳ್ಲಿ? ಆ ಮನುಷ್ಯ ಬಾಗಿಲಲ್ಲಿ ನಿಂತು, ಹಾಳೆ ನೋಡ್ಕೊಂಡು, ಒಂದು ವರ್ಷದಲ್ಲಿ ಮನೇಲಿದ್ದಾಗ ನಿಮಗೆ ಎಷ್ಟು ಕಿರಿಕಿರಿ ಆಗಿದೆ ಅಂತ ಕೇಳ್ತಾನೆ. ಸರ್ಕಾರದೋರು ಇದನ್ನೆಲ್ಲ ಯಾಕೆ ಕೇಳ್ತಾರೋ. ನಿನ್ನ ಆಫೀಸಿನೋನು ಬೇರೆ. ಅವನ ಮುಂದೆ ನಿನ್ನ ಮರ್ಯಾದೆ ತೆಗೀಲಾ? ಸೊಸೆಯಿಂದ ನನಗೆ ಒಂದಿಷ್ಟೂ ಕಿರಿಕಿರಿ ಇಲ್ಲ, ಸೊನ್ನೆ ಅಂತ ಬರ್ಕೊಳಪ್ಪಾ ಅಂದೆ. ಅವನು ಇನ್ನೂ ಏನೋ ವಾಹನ ಗೀಹನ ಅಂತ ಓದ್ತಿದ್ದ. ಬಾಗಿಲು ಹಾಕಿದೆ."

ನಾನು ಅಲ್ಲೇ ಮಂಚದ ತುದಿಯಲ್ಲಿ ಕೂತೆ. ಮೂಲದ ಕ್ರಮವನ್ನು ಕಾಪಾಡಿದ ನನ್ನ ನಿಷ್ಠೆ. ವಾಹನವನ್ನು ವಾಕ್ಯದ ಬಾಲಕ್ಕೆ ಕಟ್ಟಿದ್ದೆ. ಮನೆ, ನೀವು, ಕಿರಿಕಿರಿ ಎಂದು ಕಿವಿಗೆ ಬಿದ್ದ ಮೇಲೆ ಲಾರಿಯ ನೆನಪು ಯಾರಿಗೆ ಬರುತ್ತದೆ?

"ನಿಜಕ್ಕೂ ಸೊನ್ನೇನಾ ಅತ್ತೆ?"

ಅವರು ಬೆರಳು ಮಡಚಿ ಎಣಿಸಿದರು. ಲೆಕ್ಕದಲ್ಲಿ ಅವರು ಮೋಸ ಮಾಡುವವರಲ್ಲ.

"ಈಗ ಆದ್ರೆ ಎರಡು ಅನ್ನಬಹುದು. ಹೋದ ವರ್ಷ ಕೇಳಿದ್ರೆ ಏಳು. ಅಡುಗೆ ಸೇರಿಸಿದ್ರೆ ಎಂಟು."

ಇಬ್ಬರೂ ನಕ್ಕೆವು. ಅವರು ಎದೆಯ ಮೇಲೆ ಕೈಯಿಟ್ಟುಕೊಂಡು ನಕ್ಕರು, ನಾನು ಆ ಕೈಯ ಮೇಲೆ ಕೈಯಿಟ್ಟು ಸಾಕು ಎನ್ನುತ್ತ ನಕ್ಕೆ. ಏಳು ಕೊಡಬೇಕಾದವಳಿಗೆ ಪರರ ಮುಂದೆ ಸೊನ್ನೆ ಕೊಟ್ಟರು. ನನಗೆ ಯಾರೂ ಇಷ್ಟು ದೊಡ್ಡ ಉಪಕಾರವನ್ನು ಇಷ್ಟು ತಪ್ಪಾಗಿ ಮಾಡಿರಲಿಲ್ಲ.

ಏಪ್ರಿಲ್ 1, ಸೋಮವಾರ

ತಪ್ಪೊಪ್ಪಿಕೊಂಡೆ. ಮೀಟರಪ್ಪನವರನ್ನು ಜೊತೆಗಿಟ್ಟುಕೊಂಡೇ ಮೇಡಂ ಕೋಣೆಗೆ ಹೋದೆ. ಹಗಲು ಹೊತ್ತು ಬಾಗಿಲು ತೆರೆದವರಲ್ಲಿ ಹೆಚ್ಚಿನವರು ಅತ್ತೆಯಂದಿರು, ಇಲ್ಲವೇ ಒಳಗಿನಿಂದ ಅತ್ತೆ ಕೇಳಿಸಿಕೊಳ್ಳುತ್ತಿದ್ದ ಸೊಸೆಯಂದಿರು. ಯಾರು ತಾನೇ ಬಾಯಿ ಬಿಟ್ಟಾರು? ಹತ್ತು ಎಂದಿದ್ದ ಆ ಒಬ್ಬರನ್ನು ಮೀಟರಪ್ಪ ಮತ್ತೆ ವಿಚಾರಿಸಿದರೆ, ಅದು ಮನೆ ಅಳಿಯನ ಬಗ್ಗೆ.

ಮೇಡಂ ಮೊದಲು ನಕ್ಕರು, ಆಮೇಲೆ ಗಂಭೀರವಾದರು. "ಇಡೀ ಸಮೀಕ್ಷೆ ಮತ್ತೆ ಮಾಡ್ಬೇಕು. ವಿಚಾರಣೆ ಹತ್ತೊಂಬತ್ತಕ್ಕೆ ಹೋಗುತ್ತೆ. ನಿಮ್ಮ ಹೆಸರಲ್ಲಿ ಒಂದು ವಿವರಣೆ ಬರ್ಕೊಡಿ. ಎಷ್ಟೋ ಜನ ಇದನ್ನ ಮುಚ್ಚಿಹಾಕ್ತಿದ್ರು."

ಬೈಯಲಿಲ್ಲ. ಆ ದೊಡ್ಡತನಕ್ಕೆ ಮನಸ್ಸಿನಲ್ಲೇ ಕೈಮುಗಿದೆ. ಹೊರಗೆ ಬಂದ ಮೇಲೆ ತಾರೀಕು ತಲೆಗೆ ಹೋಯಿತು. ಹತ್ತೊಂಬತ್ತು. ನಾದಿನಿ ಹದಿನಾಲ್ಕಕ್ಕೇ ಬರುತ್ತಾಳೆ.

ಏಪ್ರಿಲ್ 3, ಬುಧವಾರ

ಪ್ರಶ್ನೆಯನ್ನು ತಿರುವಿ ಬರೆದೆ. "ಲಾರಿ, ಬಸ್ಸು, ಬೈಕುಗಳ ಸದ್ದು ನಿಮಗೆ ಎಷ್ಟು ಕಾಟ ಕೊಡುತ್ತಿದೆ?" ಲಾರಿಯನ್ನು ವಾಕ್ಯದ ಬಾಗಿಲಲ್ಲೇ ನಿಲ್ಲಿಸಿದ್ದೇನೆ. ಕಿರಿಕಿರಿ ಮನೆಯೊಳಗಿನದಾಯಿತು, ಅದಕ್ಕೇ ಬೇಡವೆಂದಿದ್ದ ಕಾಟವನ್ನು ತಂದಿದ್ದೇನೆ. ಈ ಸಲ ಮೊದಲು ಅತ್ತೆಗೆ ಓದಿ ತೋರಿಸಿದೆ. ಕಣ್ಣು ಮುಚ್ಚಿ ಕೇಳಿ, "ಈಗ ಸರಿ. ಇದಕ್ಕೆ ಒಂಬತ್ತು ಹಾಕು" ಎಂದರು. ಒಂದು ಯಾಕೆ ಬಿಟ್ಟಿರಿ ಎಂದು ಕೇಳಿದೆ. ಆಸ್ಪತ್ರೆಗೆ ಹೊತ್ತುಕೊಂಡು ಹೋದ ಡ್ರೈವರನಿಗಂತೆ.

ನಾದಿನಿಗೆ ಫೋನ್ ಮಾಡಿ ಒಂದು ವಾರ ತಡಮಾಡಿ ಬರಲು ಆಗುತ್ತದೆಯೇ ಎಂದು ಕೇಳಿದೆ. ರಜೆ ಮಂಜೂರಾಗಿದೆ, ಬದಲಾಯಿಸುವಂತಿಲ್ಲ. ಅವಳ ತಪ್ಪೇನಿದೆ. ಹನ್ನೊಂದೇ ದಿನ.

ಏಪ್ರಿಲ್ 5, ಶುಕ್ರವಾರ

ತಪಾಸಣೆಗೆ ಹೋಗಿದ್ದೆವು. ರಕ್ತದೊತ್ತಡ ಇಳಿದಿದೆ. ಡಾಕ್ಟರು ಏನು ಮಾಡಿದಿರಿ ಎಂದು ಕೇಳಿದರು. ಕೋಣೆ ಬದಲಾಯಿಸಿದೆವು ಎಂದೆ. "ನನ್ನ ಮಾತ್ರೆಗಿಂತ ಅದೇ ವಾಸಿ" ಎಂದು ಚೀಟಿಯಲ್ಲಿ ಬರೆದುಕೊಂಡರು. ಆದರೆ ನೀವು ಸೊರಗಿದ್ದೀರಿ ಎಂದು ನನ್ನ ನಾಡಿಯನ್ನೂ ನೋಡಿದರು.

ನರ್ಸ್, "ನಿಮ್ಮ ಅಮ್ಮನಾ?" ಎಂದು ಕೇಳಿದಳು. ಹೌದು ಎಂದೆ. ಸಾಲು ಉದ್ದವಿತ್ತು, ಬಿಡಿಸಿ ಹೇಳುವಷ್ಟು ಪುರುಸೊತ್ತಿರಲಿಲ್ಲ.

ಏಪ್ರಿಲ್ 11, ಗುರುವಾರ

ಎರಡನೆಯ ಸಮೀಕ್ಷೆ ಮುಗಿಯಿತು. ಎಂಬತ್ತನಾಲ್ಕು ಮನೆಗಳಲ್ಲಿ ಮೂವತ್ತೊಂದು ಮನೆಯವರು ಎಂಟಕ್ಕಿಂತ ಮೇಲೆ ಹೇಳಿದ್ದಾರೆ. ಪಟ್ಟಿಗೆ ಹೊಸದೊಂದು ಅಂಕಣ ಸೇರಿಸಿದೆ: ಯಾವ ದೇಶ ಜನರನ್ನು ಏನೆಂದು ಕೇಳಿತು, ಯಾವ ಪದದಲ್ಲಿ. ಅಳತೆಯ ಜಾಗ, ರಾತ್ರಿಯ ಹೊತ್ತು, ನಿದ್ದೆಯ ಆಧಾರ, ಹೃದಯದ ಆಧಾರ, ಎಲ್ಲ ಬೇರೆ ಬೇರೆ. ಕೆಳಗೆ ನನ್ನ ತಪ್ಪನ್ನೂ ಟಿಪ್ಪಣಿಯಾಗಿ ಬರೆದೆ, ಮುಂದಿನವರು ಎಡವದಿರಲಿ ಎಂದು. ಮೀಟರಪ್ಪ ಓದಿ, "ನನ್ನ ಹೆಸರೂ ಹಾಕಿ, ನಾನೂ ಹಾಗೇ ಓದ್ಬಿಟ್ಟೆನಲ್ಲ" ಎಂದರು. ನಾನು ಕಂಡ ಹತ್ತು ವರ್ಷದಲ್ಲಿ ಅವರಾಗಿ ಆಡಿದ ಅತಿ ಉದ್ದದ ಮಾತು ಅದೇ ಇರಬೇಕು.

ಏಪ್ರಿಲ್ 14, ಭಾನುವಾರ

ನಾದಿನಿ ಬಂದಳು, ಕರೆದುಕೊಂಡು ಹೋದಳು. ಮಾತ್ರೆಯ ಹೊತ್ತನ್ನೆಲ್ಲ ಒಂದು ಹಾಳೆಗೆ ನಕಲು ಮಾಡಿ ಕೊಟ್ಟೆ. ಮೆಟ್ಟಿಲಿಳಿಯುವಾಗ ಅತ್ತೆ ಎರಡು ಸಲ ತಿರುಗಿ ನೋಡಿದರು. ಇರಿ ಎನ್ನಲು ಬಾಯಿ ಬರಲಿಲ್ಲ. ಮಗಳು ಕರೆಯಲು ಬಂದಿರುವಾಗ ತಡೆಯಲು ನಾನು ಯಾರು?

ಏಪ್ರಿಲ್ 19, ಶುಕ್ರವಾರ

ಗೆದ್ದೆವು. ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ಲಾರಿ ಓಡುವಂತಿಲ್ಲ, ಇವತ್ತಿನಿಂದಲೇ, ಸದ್ಯಕ್ಕೆ ಒಂದು ವರ್ಷ. ನಲವತ್ತೈದು ಎಂಬುದನ್ನು ಗುರಿಯೆಂದು ಬರೆದುಕೊಂಡರು. ಗೋದಾಮಿನ ವಕೀಲರು ಬೇರೆ ದೇಶದವರ ಬೇಸರ ನಮಗೇಕೆ ಎಂದು ಮತ್ತೆ ಎಳೆದರು. ಸಮಿತಿಯಲ್ಲಿದ್ದ ಹಿರಿಯ ವೈದ್ಯರು, "ಬೇಸರ ದೇಶಕ್ಕೊಂದು ತರ ಇರಬಹುದು ಸ್ವಾಮಿ. ರಕ್ತದೊತ್ತಡ ಹಾಗಲ್ಲ" ಎಂದರು.

ಹೊರಗೆ ಆ ಲಾರಿ ಡ್ರೈವರ್ ನಿಂತಿದ್ದರು. ನನಗೆ ಮುಖ ಎತ್ತಲಾಗಲಿಲ್ಲ. ಜೀವ ಉಳಿಸಿದವರ ರಾತ್ರಿ ಪಾಳಿಯನ್ನು ಕಿತ್ತುಕೊಂಡವಳು. ಕ್ಷಮಿಸಿ ಎಂದೆ.

"ಕ್ಷಮೆ ಯಾಕಕ್ಕ? ಹಗಲು ಪಾಳಿಗೆ ಹಾಕಿದ್ದಾರೆ. ರಾತ್ರಿ ನನ್ನ ಹಾಸಿಗೇಲಿ ಮಲಗಿ ಒಂಬತ್ತು ವರ್ಷ ಆಯ್ತು. ಇವತ್ತು ಹೋದ್ರೆ ಹೆಂಡತಿಗೆ ಗುರುತು ಸಿಗುತ್ತೋ ಇಲ್ವೋ. ಅಜ್ಜಿ ಹೇಗಿದ್ದಾ‍ರೆ?"

ಚೆನ್ನಾಗಿದ್ದಾರೆ ಎಂದೆ. ಸಿಹಿ ಕೊಂಡು ಮನೆಗೆ ಬಂದೆ. ಬೀಗ ತೆಗೆದ ಮೇಲೆ ತಿನ್ನಲು ಯಾರೂ ಇಲ್ಲವೆಂದು ನೆನಪಾಯಿತು.

ಏಪ್ರಿಲ್ 21, ಭಾನುವಾರ

ಲಾರಿ ನಿಂತ ಮೇಲಿನ ಸದ್ದು ಅಳೆಯಲೆಂದು ಮೀಟರಪ್ಪ ಮತ್ತೆ ಕೊಟ್ಟಿದ್ದ ಯಂತ್ರವನ್ನು ಹಿಂದಿರುಗಿಸುವ ಮುಂಚೆ ಒಮ್ಮೆ ಮನೆಯೊಳಗೆ ಅಳೆದೆ. ಇಪ್ಪತ್ತೆಂಟು. ಇಂಥ ಅಂಕಿ ಕಂಡರೆ ಯಾವ ದೇಶದ ಅಧಿಕಾರಿಯಾದರೂ ಸನ್ಮಾನ ಮಾಡಿಯಾನು. ಎರಡು ದಿನದಿಂದ ಬೀದಿ ಶಾಂತ, ಕೋಣೆ ಶಾಂತ, ನನಗೆ ನಿದ್ದೆ ಇಲ್ಲ. ಪಟ್ಟಿಯನ್ನು ಇನ್ನೊಮ್ಮೆ ತೆಗೆದು ನೋಡಿದೆ. ಇಷ್ಟಕ್ಕಿಂತ ಹೆಚ್ಚಬಾರದು ಎಂದು ಎಲ್ಲ ದೇಶಗಳೂ ಬರೆದಿವೆ. ಒಂದು ಮನೆಯಲ್ಲಿ ಇಷ್ಟಾದರೂ ಸದ್ದಿರಬೇಕು ಎಂದು ಯಾವ ದೇಶವೂ ಬರೆದಿಲ್ಲ.

ಫೋನ್ ಮಾಡಿದೆ. ಅತ್ತೆಯೇ ಎತ್ತಿಕೊಂಡು ಮಾತು ಶುರು ಮಾಡಿದರು.

"ಇಲ್ಲಿ ಎಲ್ಲಾ ಚೆನ್ನಾಗಿದೆ. ಸದ್ದೇ ಇಲ್ಲ. ನಿದ್ದೆ ಮಾತ್ರ ಬರ್ತಿಲ್ಲ."

"ಇಲ್ಲಿ ರಾತ್ರಿ ಲಾರಿ ನಿಲ್ಲಿಸಿಬಿಟ್ರು. ನಿಂತ್ರೆ ಬೇರೆ ಮಾತು ಅಂದಿದ್ದಳಲ್ಲ ನಿಮ್ಮ ಮಗಳು."

"ಅವಳು ಅಂದಿದ್ದು ಹಾಗಿರ್ಲಿ. ನೀನೇನಂತೀಯ?"

"ಬನ್ನಿ ಅಂತೀನಿ. ಬನ್ನಿ ಅಮ್ಮ."

"ಮೆಟ್ಟಿಲ ಹತ್ರ ನಿಂತಾಗಲೇ ಹೇಳಿದ್ರೆ ರೈಲಿನ ಟಿಕೆಟ್ಟಾದ್ರೂ ಉಳೀತಿತ್ತು" ಎಂದರು. ನಾಳೆಯಿಂದ ಮೂರು ದಿನ ರಜೆ ಹಾಕಿದ್ದೇನೆ, ಕರೆತರಲು.

ಏಪ್ರಿಲ್ 24, ಬುಧವಾರ

ನಿನ್ನೆ ಸಂಜೆ ಬಂದು ತಲುಪಿದೆವು. ನಾದಿನಿ ಬೇಸರ ಮಾಡಿಕೊಳ್ಳುತ್ತಾಳೆಂದು ಹೆದರಿದ್ದೆ. ಅವಳೇ ಚೀಲ ತುಂಬಿಟ್ಟಿದ್ದಳು. "ಕರ್ಕೊಂಡು ಹೋಗಿ ಅತ್ತಿಗೆ. ದಿನಕ್ಕೆ ಮೂರು ಹೊತ್ತು ಕೂತು ನಿಮ್ಮ ಅಡುಗೇನ ಬೈತಾರೆ. ಇಲ್ಲಿ ಅಡುಗೆ ಮಾಡೋಳು ನಾನು, ನನ್ನನ್ನ ಒಂದು ಮಾತೂ ಬೈಯಲ್ಲ" ಎಂದಳು. ಅವಳ ಒಳ್ಳೆಯ ಮನಸ್ಸಿಗೆ ನಾನು ಏನು ಕೊಟ್ಟರೂ ಸಾಲದು.

ಇವತ್ತು ಮಧ್ಯಾಹ್ನ ಊಟವಾದ ಮೇಲೆ ಅಮ್ಮ ಹಿಂದಿನ ಕೋಣೆಯಲ್ಲಿ ಅಡ್ಡಾದರು. ಉಪ್ಪಿನ ಬಗ್ಗೆ ಮಾತು ಮುಗಿಸಿ, ಗೋಡೆಯ ಕಡೆ ತಿರುಗಿ, ಎರಡೇ ನಿಮಿಷಕ್ಕೆ ಗೊರಕೆ. ಯಂತ್ರ ಇನ್ನೂ ನನ್ನ ಬಳಿಯೇ ಇತ್ತು, ಬಾಗಿಲ ಬಳಿ ಹಿಡಿದೆ. ಐವತ್ತೆರಡು, ನಡುವೆ ಒಮ್ಮೆ ಐವತ್ತಾರು. ಮಲಗುವ ಕೋಣೆಯೊಳಗೆ ಇಷ್ಟು ಸದ್ದನ್ನು ನನ್ನ ಪಟ್ಟಿಯ ಯಾವ ದೇಶವೂ ಒಪ್ಪುವುದಿಲ್ಲ. ಬಾಗಿಲು ಮುಚ್ಚಿದರೆ ಹೊರಗೆ ನಲವತ್ತಕ್ಕೆ ಇಳಿಯುತ್ತದೆ, ಅದನ್ನೂ ನೋಡಿದೆ. ಮತ್ತೆ ಪೂರ್ತಿ ತೆರೆದಿಟ್ಟು, ಕುರ್ಚಿಯನ್ನು ಹೊಸ್ತಿಲ ಹತ್ತಿರಕ್ಕೆ ಎಳೆದುಕೊಂಡು ಕೂತಿದ್ದೇನೆ.